ಆತು ಅಂದರೆ

ಸಾವಳಗಿಯ ಅಮಸಿದ್ದಪ್ಪನ ಮುಂದೆ ಯಾರೂ ಸುಮ್ಮನೆ ‘ಆತು’ ಅನ್ನುವ ಹಾಗಿಲ್ಲ. “ಆಗೇತೋ, ಇನ್ನ ಮಾಡಾಂವೋ?” ಎಂದು ಜೀವ ತಿನ್ನುತ್ತಾನೆ. ಹೆಂಡತಿ ಸಾತವ್ವ ಪಲ್ಯ ಆತು ಅಂದರೂ ಮುಚ್ಚಳ ತೆಗೆದು ನೋಡುವ ಆಸಾಮಿ. ಮಂದಿ ನಗುತ್ತಾರೆ. ನಗಲಿ, ಅವರಿಗೇನು ಗೊತ್ತು!

ಸಂಸ್ಥಾನ ಹೋಗಿ ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತು. ಆಗ ಅವನು ದೂರದ ಪಂಜಾಬಿನ ವಾಯುದಳದ ಠಾಣೆಯಲ್ಲಿ ಮೂತಿಯಲ್ಲಿ ಪಂಖ ತಿರುಗುವ ಯುದ್ಧವಿಮಾನವೊಂದರ ಮೇಸ್ತ್ರಿ. ಅವನು ಸಹಿ ಹಾಕಿದರೆ ಮಾತ್ರ ಅದು ಮೇಲೇಳಬೇಕು. ಕೈಕೆಳಗೆ ಬನಹಟ್ಟಿಯ ಪರಸಪ್ಪ ಸಿಕ್ಕಿದ್ದು ಅವನಿಗೆ ಹಬ್ಬ. ಹಿಂದಿಯಲ್ಲಿ ತಡವರಿಸಿ ಸಾಕಾದ ನಾಲಿಗೆಗೆ ಊರ ಮಾತು ಸಿಕ್ಕಿತ್ತು.

ಅವತ್ತು ಹೊರಡುವ ಅವಸರ. ಇಂಜಿನ್ನಿನ ಈಚೆ ಮಗ್ಗುಲಿನಿಂದ ಅಮಸಿದ್ದಪ್ಪ ಕೂಗಿದ:

“ಪರಸ್ಯಾ, ಎಣ್ಣಿ ಪೈಪಿನ ನಟ್ಟು?”

“ಆತ್ರೀ ಅಣ್ಣಾರ!” ಆಚೆ ಮಗ್ಗುಲಿನಿಂದ ಪರಸಪ್ಪನ ದನಿ ಬಂತು.

ಅಮಸಿದ್ದಪ್ಪ ಇಂಜಿನ್ನಿಗೆ ಮುಚ್ಚಳ ಹಾಕಿಸಿದ, ಸಹಿ ಮಾಡಿದ. ವಿಮಾನ ಹಾರಿತು. ಅಷ್ಟರಲ್ಲಿ ಪರಸಪ್ಪ ಉಗ್ರಾಣದ ಕಡೆಯಿಂದ ನಟ್ಟು ಬಿಗಿಯುವ ಪಾನಾ ಹಿಡಿದು ಓಡಿ ಬಂದ.

“ನಟ್ಟಿಗೆ ಸರಿ ಕೂಡೂ ಪಾನಾ ಲಗೂನ ಸಿಗಲಿಲ್ರೀ. ಇಮಾನ ಎಲ್ಲೈತ್ರೀ?”

“ಆತು ಅಂದೆಲ್ಲಲೇ!”

“ಮಾಡ್ತೇನಿ ಅಂತ ಆತು ಅಂದ್ನಿರೀ…”

ಅಮಸಿದ್ದಪ್ಪ ಹೊಡೆಯಲು ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಕಂಟ್ರೋಲ್ ಗೋಪುರಕ್ಕೆ ಓಡಿದ. ಅಲ್ಲಿ ರೇಡಿಯೊದಲ್ಲಿ ಪೈಲಟ್ ಸಾಹೇಬರ ದನಿ ಆಗಲೇ ಒದರುತ್ತಿತ್ತು: ಮುಂದಿನ ಗಾಜಿನ ತುಂಬ ಎಣ್ಣೆ, ಏನೂ ಕಾಣುತ್ತಿಲ್ಲ. ಸಾಹೇಬರು ಆಗಷ್ಟೇ ಮೀಸೆ ಚಿಗುರಿದ ಪಂಜಾಬಿ. ಸತ್ತರೆ ಕೊಂದವನು ನಾನೇ ಎಂದು ಅಮಸಿದ್ದಪ್ಪ ಗೋಡೆಗೆ ಹಣೆ ಒತ್ತಿದ. “ಬೀರಪ್ಪ ದೇವರ, ಆ ಕೂಸನ್ನ ಇಳಸಪಾ.”

ಸಾಹೇಬರು ತಲೆ ಹೊರಗೆ ಚಾಚಿ, ಅಡ್ಡಕ್ಕೆ ನೋಡುತ್ತ, ಹೇಗೋ ನೆಲ ಮುಟ್ಟಿದರು. ವಿಮಾನ ಓಟದ ದಾರಿ ದಾಟಿ ಗೋಧಿ ಹೊಲಕ್ಕೆ ನುಗ್ಗಿ ನಿಂತಿತು. ಇಳಿದ ಸಾಹೇಬರ ಮುಖವೆಲ್ಲ ಎಣ್ಣೆ ಹತ್ತಿ ಕರ್ರಗೆ, ಕಣ್ಣಷ್ಟೇ ಬಿಳಿ. ಜೀವವಿತ್ತು. ಅಮಸಿದ್ದಪ್ಪ ಎಲ್ಲರೆದುರೇ ಹೋ ಎಂದು ಅತ್ತ.

ವಿಚಾರಣೆಯಲ್ಲಿ ಅವನು ಪರಸಪ್ಪನ ಹೆಸರೆತ್ತಲಿಲ್ಲ. ಮುಟ್ಟಿ ನೋಡದೆ ಸಹಿ ಹಾಕಿದವನು ತಾನು ಎಂದ, ಅದು ಖರೆಯೂ ಆಗಿತ್ತು. ಮೇಸ್ತ್ರಿಕೆ ಹೋಯಿತು. ಅದೇ ವಿಮಾನದ ಕೆಲಸಗಾರನಾಗಿ ಉಳಿದ.

ರಿಪೇರಿಯಾದ ಮೇಲೆ ಅದೇ ಸಾಹೇಬರು ಹಾರಲು ಬಂದರು. ಹೊಸ ಮೇಸ್ತ್ರಿಯನ್ನು ದಾಟಿ ಬಂದು ಅಮಸಿದ್ದಪ್ಪನನ್ನೇ ಕೇಳಿದರು: “ಹೋ ಗಯಾ?”

ಹಿಂದಿಯಲ್ಲೂ ಅದೇ ಹಾಳು ಮಾತು. ಅಮಸಿದ್ದಪ್ಪ ಸಾಹೇಬರ ಕೈ ಹಿಡಿದು ಇಂಜಿನ್ನಿನೊಳಗೆ ಒಯ್ದು ಎಣ್ಣೆ ಪೈಪಿನ ನಟ್ಟಿನ ಮೇಲೆ ಇಟ್ಟ. ಅವರು ಬಲ ಹಾಕಿ ತಿರುವಿ ನೋಡಿದರು. ಅದು ಅಲುಗಲಿಲ್ಲ.