ಸೀಸದ ಡಬ್ಬಿ ಅಲ್ಲಾಡಿಸಿದ ದಿನ

ತಡವಾಗಿ, ಇಪ್ಪತ್ತೇಳನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾಗಿ, ಆಮೇಲೆ ಡಿಪ್ಲೊಮಾ ಮುಗಿಸಿ, ಶಿಕಾರಿಪುರದಿಂದ ನಗರದ ಆಸ್ಪತ್ರೆಯೊಂದರ ಲ್ಯಾಬಿಗೆ ಸೇರಿದವನು ನಾನು. ಕ್ಯಾನ್ಸರ್ ಗಂಟನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನಿಗೆ ವಿಕಿರಣ ಸೂಸುವ ವಸ್ತುವನ್ನು ಜೋಡಿಸುವುದು ಅಲ್ಲಿನ ಕೆಲಸ. ಅದನ್ನು ಸೂಜಿಯಲ್ಲಿ ಕೊಟ್ಟರೆ ಗಂಟು ಇರುವ ಜಾಗ ಸ್ಕ್ಯಾನಿನಲ್ಲಿ ಬೆಳಗುತ್ತದೆ. ಮೊದಲು ಲ್ಯಾಬಿನ ಮುಖ್ಯಸ್ಥೆ ಮೇಡಂ ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದರು, ನಾನು ಎತ್ತಿಕೊಡುತ್ತಿದ್ದೆ. ಆಮೇಲೆ ತಾನೇ ಬೆರೆಸಿ, ಸೋಸಿ, ತುಂಬಿಸುವ ಯಂತ್ರ ಬಂತು. ನನಗುಳಿದದ್ದು ಒಂದೇ: ವಿಕಿರಣ ತಡೆಯುವ ಸೀಸದ ಡಬ್ಬಿಯಲ್ಲಿ ಕೂತ ಬಾಟಲಿಯನ್ನು ಪಕ್ಕದ ಕೋಣೆಗೆ ಪರೀಕ್ಷೆಗೆ ಒಯ್ಯುವುದು. ಹನ್ನೆರಡು ಹೆಜ್ಜೆ. ಊರಲ್ಲಿ ಮಾತ್ರ “ಮಷಿನ್ ನಾನೇ ನಡೆಸ್ತೀನಿ” ಎಂದು ಹೇಳಿಕೊಂಡಿದ್ದೆ.

ಆ ದಿನ ಸೊರಬದ ಕಡೆಯ ಜಡೆ ಎಂಬ ಊರಿಂದ ಒಬ್ಬ ಅಮ್ಮ ಬಂದಿದ್ದರು. ಆಪರೇಷನ್ ಬೇಕೋ ಬೇಡವೋ ಎಂಬುದು ಆ ಸ್ಕ್ಯಾನ್ ನೋಡಿಯೇ ತೀರ್ಮಾನವಾಗಬೇಕಿತ್ತು. ನಮ್ಮ ಕಡೆಯವರು, ನನ್ನದೂ ಒಂದು ಕೈ ಇರಲಿ ಎಂಬ ಹುಮ್ಮಸ್ಸಿನಲ್ಲಿ ಆ ಹನ್ನೆರಡು ಹೆಜ್ಜೆಯುದ್ದಕ್ಕೂ ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿದೆ. ಊರ ಹತ್ತಿರ ತಾಳಗುಂದದ ನಮ್ಮ ಹೊಲದಲ್ಲಿ ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿಯನ್ನು ಅಲ್ಲಾಡಿಸದೆ ಬಗ್ಗಿಸಿದರೆ ಅಪ್ಪ ಬಿಡುತ್ತಿರಲಿಲ್ಲ.

ಬಾಟಲಿ ತುಂಬ ನೊರೆ. ಪ್ರೋಟೀನು ಒಂದಕ್ಕೊಂದು ಅಂಟಿ ಕೆಟ್ಟಿತ್ತು. ಪರೀಕ್ಷೆಯಲ್ಲಿ ಫೇಲು.

“ಏನ್ರೀ ಮಾಡಿದ್ರಿ?” ಎಂದರು ಮೇಡಂ.

“ಅಲ್ಲಾಡ್ಸಿದೆ ಮೇಡಂ.”

“ಯಾಕ್ರೀ?”

“ಚೆನ್ನಾಗಿ ಬೆರೀಲಿ ಅಂತ.”

ವಿಕಿರಣ ವಸ್ತು ಅದು ಹುಟ್ಟುವ ಉಪಕರಣದಲ್ಲಿ ಮತ್ತೆ ಸಾಕಷ್ಟು ಕೂಡಿಕೊಳ್ಳಲು ನಾಲ್ಕು ಗಂಟೆ ಬೇಕು. ಪ್ರೋಟೀನು ಉಳಿದದ್ದು ಇನ್ನೊಂದೇ ಸಲಕ್ಕೆ. ಅದೂ ಕೆಟ್ಟರೆ ಆ ಅಮ್ಮ ವಾರಗಟ್ಟಲೆ ಕಾಯಬೇಕು. ಅವರಿಗೆ ಹೇಳುವ ಕೆಲಸ ನನಗೇ ಬಂತು. ಯಂತ್ರ ಕೈಕೊಟ್ಟಿತು ಎನ್ನಲು ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಿಬಿಟ್ಟೆ.

“ಯಾವೂರು ನಿಂದು?”

“ಶಿಕಾರಿಪುರ ಅಮ್ಮಾ.”

“ಅಷ್ಟು ಜೋರಾಗಿ ಅಲ್ಲಾಡಿಸ್ತಿ ಅಂದ್ರೆ ನಮ್ಮನೆಗೆ ಮಜ್ಜಿಗೆ ಕಡಿಯಕ್ಕೆ ಬರೋದಲ್ವಾ ಮಾರಾಯ, ಇಲ್ಲಿ ಎಂತಕ್ಕೆ ಸೇರಿದೆ?”

ನಗಿಸಿದರು ನಿಜ. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದನ್ನು ನಿಲ್ಲಿಸಲಿಲ್ಲ. “ಇವತ್ತೇ ಆಗ್ತದಲ್ಲ?” ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ, ಯಂತ್ರದ ಮೇಲಿನ ಧೈರ್ಯದಿಂದ.

ಮಧ್ಯಾಹ್ನ ಯಂತ್ರ ಮತ್ತೆ ತನ್ನ ಪಾಡಿಗೆ ಮೆಲ್ಲಗೆ ಎಲ್ಲ ಮಾಡಿತು. ಈ ಸಲ ಡಬ್ಬಿಯನ್ನು ಮೇಡಂ ಒಯ್ದರು. ನಾನು ಬಾಗಿಲು ಹಿಡಿದು ನಿಂತೆ. ಪಾಸು ಎಂದಾಗ ಹೊರಗೆ ಓಡಿದೆ.

“ಆಯ್ತು ಅಮ್ಮಾ, ಬನ್ನಿ.”

ಅವರು ಎದ್ದು ಬುತ್ತಿಯ ಚೀಲವನ್ನು ನನ್ನ ಕೈಗಿಟ್ಟರು. “ನೆಟ್ಟಗೆ ಹಿಡ್ಕ, ಒಳಗೆ ಸಾರು ಇದೆ” ಎಂದು ಒಳಗೆ ಹೋದರು.

ಚೀಲ ಭಾರವಾಗಿತ್ತು. ಬೆಳಗಿನಿಂದ ಅವರು ಬುತ್ತಿ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.