‘ನಾಯಿ’ ಪ್ರಬಂಧಕ್ಕೆ ನಾನು ಎಳೆದ ಕೆಂಪು ಗೀಟು

ಗೆಳೆಯರೇ, ಈಗಷ್ಟೇ ಮನೆ ಸೇರಿ ಬರೆಯುತ್ತಿದ್ದೇನೆ, ಟೈಪಿಂಗ್ ತಪ್ಪಿದ್ದರೆ ಕ್ಷಮಿಸಿ. ಸಂಜೆ ಶಾಲೆ ಮುಗಿಸಿ ಹೇರೋಹಳ್ಳಿಯ ಖಾಲಿ ಸೈಟುಗಳ ನಡುವೆ ಬರುತ್ತಿದ್ದಾಗ ಏಳೆಂಟು ಬೀದಿನಾಯಿಗಳು ನನ್ನನ್ನು ಸುತ್ತುವರಿದವು. ಒಂದಂತೂ ಸೆರಗಿಗೇ ಬಾಯಿ ಹಾಕಿತು. ಚೀರಿಕೊಂಡು ಓಡಲು ಹೊರಟೆ.

“ಮಿಸ್, ಓಡಬ್ಯಾಡ್ರಿ! ಕಲ್ಲು ತಗೊಂಡಂಗ ಬಗ್ಗ್ರಿ!”

ಕೂಗಿದವಳು ನನ್ನ ಮೂರನೇ ಕ್ಲಾಸಿನ ರೇಣವ್ವ. ಯಾದಗಿರಿ ಕಡೆಯವಳು, ಆ ಸೈಟುಗಳ ಪಕ್ಕದಲ್ಲೇ ಕಟ್ಟುತ್ತಿರುವ ಮನೆಯ ಕೂಲಿಯವರ ಶೆಡ್ಡಿನಲ್ಲಿರುತ್ತಾಳೆ. ಬರಿಗೈಯಲ್ಲೇ ಬಗ್ಗಿದೆ. ನಾಯಿಗಳು ಗುರುಗುಡುತ್ತಲೇ ಹಿಂದೆ ಸರಿದವು.

“ಓಡಬಾರ್ದು, ಬಗ್ಗಬೇಕು ಅಂತ ಮೊನ್ನೆ ಪ್ರಬಂಧದಾಗ ಬರದಿದ್ನಲ್ರಿ ಮಿಸ್?”

ಬರೆದಿದ್ದಳು. ನಾನೇ ಅದಕ್ಕೆ ಕೆಂಪು ಗೀಟು ಎಳೆದು, ‘ನಾಯಿ ನಂಬಿಕಸ್ಥ ಪ್ರಾಣಿ’ ಎಂದು ಐದು ಸಲ ಬರೆದು ತರಲು ಹೇಳಿದ್ದೆ. ಇವತ್ತು ಐದೂ ಸಲ ಬರೆದು ತಂದಿದ್ದಳು. ನನ್ನ ಪುಣ್ಯಕ್ಕೆ, ಒಂದು ಸಲವೂ ನಂಬಿರಲಿಲ್ಲ.