ಅರಮನೆ ತೋಟದಲ್ಲಿ ಕೇಳಿದ ಸುದ್ದಿ

ಕ್ಯೋಟೊ ಊರಂಚಿನ ಬೆಟ್ಟದ ಬುಡದಲ್ಲಿ ಜಪಾನಿನ ಚಕ್ರವರ್ತಿಯೊಬ್ಬರು ವಿಹಾರಕ್ಕೆಂದು ಕಟ್ಟಿಸಿದ ಹಳೆಯ ತೋಟದರಮನೆಯಿದೆ. ಅದನ್ನು ನೋಡಬೇಕೆಂಬುದು ನನ್ನ ಹೆಂಡತಿಯ ಬಹುಕಾಲದ ಆಸೆ. ಗುಬ್ಬಿಯ ಕಾಲೇಜೊಂದರಲ್ಲಿ ಅವಳು ಸಸ್ಯಶಾಸ್ತ್ರ ಕಲಿಸುತ್ತಾಳೆ. ಹೋದ ವರ್ಷ ದಸರಾ ರಜೆಯಲ್ಲಿ ಕ್ಯಾತ್ಸಂದ್ರದ ಮನೆಗೆ ಬೀಗ ಹಾಕಿ ಇಬ್ಬರೂ ಹೊರಟೆವು.

ಅಲ್ಲಿ ಮನಸ್ಸಿಗೆ ಬಂದ ಕಡೆ ಅಡ್ಡಾಡುವಂತಿಲ್ಲ. ಮುಂದೆ ಗೈಡ್, ಹಿಂದೆ ಕಾವಲುಗಾರ, ನಡುವೆ ನಾವೊಂದಿಷ್ಟು ಜನ. ತೋಟದೊಳಗೇ ಭತ್ತದ ಗದ್ದೆಗಳಿದ್ದವು. ತೆನೆ ಹಣ್ಣಾಗಿ ಬಾಗಿತ್ತು. ಹುತ್ರಿದುರ್ಗದ ರೈತರ ಮನೆಯಲ್ಲಿ ಹುಟ್ಟಿದ ಇವಳು ಅಲ್ಲೇ ನಿಂತುಬಿಟ್ಟಳು.

"ನೋಡ್ರೀ, ಬದು ಎಷ್ಟು ಚೆನ್ನಾಗಿ ಕಟ್ಟವ್ರೆ!" ಎಂದಳು. ಖುಷಿಯಾದಾಗ ಅವಳ ಬಾಯಲ್ಲಿ ಊರಿನ ಮಾತೇ ಬರುವುದು. ನನಗೂ ಖುಷಿಯಾಯಿತು.

ಕತ್ತರಿಸಿ ಒಪ್ಪ ಮಾಡಿದ ಪೊದೆಗಳ ನಡುವಿನ ಕಲ್ಲುಮೆಟ್ಟಿಲು ಹತ್ತಿ ಮೇಲಕ್ಕೆ ಹೋದರೆ ಕೆಳಗೆ ಇಡೀ ಕೊಳ ಕಾಣುತ್ತದೆ. ತೊರೆಗೆ ಏರಿ ಹಾಕಿ ಮಾಡಿದ ಕೊಳವಂತೆ.

"ಕುಣಿಗಲ್ ಕೆರೆ ಏರಿ ಮೇಲೆ ನಿಂತಂಗಿದೆ ಅಲ್ವೇನೇ?" ಎಂದೆ.

ಅವಳು ನೀರನ್ನೇ ನೋಡುತ್ತಿದ್ದಳು. "ರೀ, ಒಂದ್ ವಿಷ್ಯ ಹೇಳ್ಬೇಕು. ಇಲ್ಲಿ ಕೂಗಾಡ್ಬೇಡಿ. ಎದೇಲಿ ಗಂಟಿತ್ತು. ಟೆಸ್ಟ್ ಮಾಡಿಸ್ದೆ. ಕ್ಯಾನ್ಸರ್ ಅಂತೆ."

"ಯಾವಾಗ್ ಮಾಡಿಸ್ದೆ?"

"ಹೊರಡೋಕೆ ಮುಂಚೆ. ಹೇಳಿದ್ರೆ ನೀವು ಟಿಕೆಟ್ ಕ್ಯಾನ್ಸಲ್ ಮಾಡ್ಸಿಬಿಡ್ತಿದ್ರಿ. ಹೋಗ್ಬಂದು ಆಪರೇಷನ್ ಮಾಡಿಸ್ಕೊಳಿ, ಪರ್ವಾಗಿಲ್ಲ ಅಂದ್ರು ಡಾಕ್ಟ್ರು."

"ಆಸ್ಪತ್ರೆಗೆ ಯಾರ್ ಜೊತೆ ಹೋಗಿದ್ದೆ?"

"ಒಬ್ಳೇ."

ಕೂರಲು ಜಾಗ ಹುಡುಕಿದೆ. ಅಷ್ಟರಲ್ಲಿ ಗೈಡ್ ಮುಂದೆ ಹೊರಟಿದ್ದಳು. ಕಾವಲುಗಾರ ತಲೆ ಬಾಗಿಸಿ, ನಡೆಯಿರಿ ಎಂದು ಕೈ ತೋರಿಸಿದ. ಇಳಿದೆವು. ಕೊಳದ ಸುತ್ತ, ಸೇತುವೆಯ ಬಳಿ, ಎಲ್ಲೆಲ್ಲಿ ಕರೆದೊಯ್ದರೋ ಅಲ್ಲೆಲ್ಲ ನಡೆದೆ. ಏನನ್ನೂ ನೋಡಲಿಲ್ಲ. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

"ನನ್ನ ಏನಂದ್ಕೊಂಡಿದೀಯ ನೀನು? ನಾನು ಬದ್ಕಿಲ್ವಾ?" ಎಂದು ಗದರಿದೆ. ಮುಂದಿದ್ದವರೆಲ್ಲ ತಿರುಗಿ ನೋಡಿದರು.

ಅವಳು ನನ್ನ ತೋಳು ಹಿಡಿದುಕೊಂಡಳು. "ಹೋಟೆಲ್‌ಗೆ ಹೋದ್ಮೇಲೆ ಎಷ್ಟ್ ಬೇಕಾದ್ರೂ ಬಯ್ಯಿರಿ. ಈಗ ಇದೊಂದ್ ನೋಡ್ಕೊಂಬಿಡ್ತೀನಿ ಕಣ್ರೀ."

ಅವಳು ನಿಜಕ್ಕೂ ನೋಡಿದಳು. ಪೈನ್ ಮರದ ಕೊಂಬೆಗೆ ಕೊಟ್ಟ ಊರುಗೋಲು, ಕಲ್ಲಿನ ಸಂದಿಯ ಪಾಚಿ, ಒಂದನ್ನೂ ಬಿಡಲಿಲ್ಲ. ಹೋಟೆಲಿಗೆ ಹೋದ ಮೇಲೆ ನನಗೆ ಬಯ್ಯಲಾಗಲಿಲ್ಲ. ಅತ್ತುಬಿಟ್ಟೆ. ಅವಳೇ ಸಮಾಧಾನ ಮಾಡಿದಳು.

ಊರಿಗೆ ಬಂದ ವಾರದಲ್ಲೇ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಕೂದಲು ಉದುರಿ ಮತ್ತೆ ಬಂತು. ಈಗ ಅವಳು ಗುಬ್ಬಿಗೆ ಪಾಠಕ್ಕೆ ಹೋಗುತ್ತಾಳೆ, ಚೆಕಪ್ಪಿಗೆ ಇಬ್ಬರೂ ಹೋಗುತ್ತೇವೆ. ಪ್ರತಿ ಸಲವೂ ಡಾಕ್ಟರು ಬಾಯಿ ತೆರೆಯುವವರೆಗೆ ನಾನು ಅವರ ಮುಖವನ್ನೇ ನೋಡುತ್ತಿರುತ್ತೇನೆ. ಆ ರಿಪೋರ್ಟ್ ಹಿಡಿದು ಅವಳೊಬ್ಬಳೇ ಆಸ್ಪತ್ರೆಯಿಂದ ಹೊರಬಂದ ಮಧ್ಯಾಹ್ನವನ್ನು ಮಾತ್ರ ನನ್ನಿಂದ ಇನ್ನೂ ಕ್ಷಮಿಸಲಾಗಿಲ್ಲ. ಮನೆಗೆ ಬಂದವರು ಜಪಾನ್ ಹೇಗಿತ್ತು ಎಂದು ಕೇಳಿದರೆ ಅವಳು ಆ ತೋಟವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಾಳೆ. ನಾನು ಕಾಫಿ ತರುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತೇನೆ.